ಹದಿನೆಂಟು ಕೋಟು, ಒಂದು ಮೂಗು

ಹದಿನೆಂಟು ಕೋಟು. ಕೋಟಿಗೆ ಇನ್ನೂರೈವತ್ತರಂತೆ ನಾಲ್ಕೂವರೆ ಸಾವಿರ ರೂಪಾಯಿ. ಕೆಲಸ ಮೆಚ್ಚಿಗೆಯಾದರೆ ವರ್ಷಕ್ಕೆ ನಾಲ್ಕು ಸಲ ಇದೇ ಕೋಟುಗಳು ಇದೇ ಅಂಗಡಿಗೆ. ಹದಿನೆಂಟರಲ್ಲಿ ಒಂದು ನಾತ ಹೊಡೆದರೂ ಬಿಡಿಗಾಸಿಲ್ಲ. ಕರಾರು ಇಷ್ಟೇ. ಕಾಗದ ಇರಲಿಲ್ಲ, ಬಾಯಿಮಾತು.

ಕೋಟು ತಂದವನು ಬ್ಯಾಂಡ್ ಸೆಟ್ಟಿನ ಮಾಸ್ಟರ್ ಸಂಪಂಗಿ. ಹೆಸರು ಹೂವಿನದು, ಹೊತ್ತು ತಂದ ಗಂಟು ಮಾತ್ರ ಬೀದಿಯ ತುದಿಯಿಂದಲೇ ತಾನು ಬರುತ್ತಿದ್ದೇನೆ ಅಂತ ಹೇಳುತ್ತಿತ್ತು. ಕೆಂಪು ಮಖಮಲ್ಲಿನ ಕೋಟು, ತೋಳಿಗೆ ಜರಿ ಪಟ್ಟಿ. ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ, ಜರಿ ಕಪ್ಪಾಗುತ್ತದೆ. ಡ್ರೈ ವಾಶೇ ಆಗಬೇಕು. ಚೈತ್ರ, ವೈಶಾಖ ಎರಡು ತಿಂಗಳು ಆ ಕೋಟು ತೊಟ್ಟು ಬಿಸಿಲಲ್ಲಿ ಊದಿದ್ದಾರೆ, ಬಡಿದಿದ್ದಾರೆ. ಮೈಯ ಬೆವರೆಲ್ಲ ಕೋಟಿನದಾಗಿದೆ.

ಅಂಗಡಿ ಚನ್ನವೀರಪ್ಪನದು. ಹಾಸನದ ಒಂದು ಇಕ್ಕಟ್ಟು ಬೀದಿಯಲ್ಲಿ ಮೂವತ್ತು ವರ್ಷದಿಂದ ಇದೆ.

"ಯಜಮಾನ್ರೇ, ಹೋದ ಭಾನುವಾರ ಒಂದು ಮದುವೆ" ಅಂದ ಸಂಪಂಗಿ. "ಹುಡುಗಿ ಮಂಟಪಕ್ಕೆ ಬರ್ತಾ ಇದ್ಲು. ನಾವು ಪಕ್ಕದಲ್ಲಿ ನಿಂತು ಬಾರಿಸ್ತಾ ಇದ್ವಿ. ಆಯಮ್ಮ ಸೆರಗು ಎತ್ತಿ ಮೂಗಿಗೆ ಹಿಡಿದುಬಿಟ್ಲು. ಕಣ್ಣೀರು ಒರೆಸ್ಕೋತಾಳೆ ಅಂದ್ಕೊಂಡೆ. ಅಲ್ಲ. ಅದು ವೀಡಿಯೋದಲ್ಲೂ ಬಂದಿದೆಯಂತೆ."

"ಆಮೇಲೆ?"

"ಆಮೇಲೇನು, ಮುಂದಿನ ತಿಂಗಳು ಅದೇ ಮನೆಯ ಎರಡನೇ ಮದುವೆ ಇದೆ. ಅದಕ್ಕೆ ಬೇರೆ ಬ್ಯಾಂಡಿಗೆ ಹೇಳಿಬಿಟ್ಟಿದ್ದಾರೆ. ಈ ಭಾನುವಾರ ಇನ್ನೊಂದು ದೊಡ್ಡ ಮನೆ. ಶುಕ್ರವಾರ ಹತ್ತು ಗಂಟೆಗೆ ಬರ್ತೀನಿ. ಒಂದೇ ಒಂದು ಕೋಟು ಹೀಗೇ ಇದ್ರೂ ಎಲ್ಲಾ ಎತ್ಕೊಂಡು ಬಸ್ ಸ್ಟ್ಯಾಂಡ್ ಹತ್ರದ ಮಷೀನ್ ಅಂಗಡಿಗೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

"ಆಗಲಿ" ಅಂದ ಚನ್ನವೀರಪ್ಪ. ಆಗಲಿ ಅನ್ನುವುದು ಸುಲಭ.

ಅವನ ಅಂಗಡಿಗೆ ಆ ಕೆಲಸ ಬೇಕಾಗಿತ್ತು. ಎರಡು ವರ್ಷದಿಂದ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದ್ದರು. ಒಬ್ಬರು ಮನೆ ದೂರವಾಯಿತು ಅಂದರು. ಒಬ್ಬರು ಈಗ ರೇಷ್ಮೆ ಉಡುವುದೇ ಕಡಿಮೆ ಅಂದರು. ವಕೀಲರೊಬ್ಬರು ಏನೂ ಅನ್ನಲಿಲ್ಲ, ಬೇರೆ ಬೀದಿಯಿಂದ ಓಡಾಡತೊಡಗಿದರು. ವ್ಯಾಪಾರ ಮಾಡುವವರು ಒಂದು ಮಾತು ನೆನಪಿಡಬೇಕು. ಜಗಳಕ್ಕೆ ಬರುವ ಗಿರಾಕಿ ಇನ್ನೂ ನಿಮ್ಮವನು. ನಗುನಗುತ್ತಾ ನೆಪ ಹೇಳುವವನು ಆಗಲೇ ಹೋದವನು.

ಈಗ ಒಳಗಿನ ಸಂಗತಿ ಹೇಳುತ್ತೇನೆ. ಚನ್ನವೀರಪ್ಪನಿಗೆ ಮೂಗು ಹೋಗಿತ್ತು.

ಮೂಗು ಮುಖದಲ್ಲೇ ಇತ್ತು. ವಾಸನೆ ಹೋಗಿತ್ತು. ಬಟ್ಟೆ ತೊಳೆಯುವ ಎಣ್ಣೆ ಪೆಟ್ರೋಲಿನಂಥದು. ಅದರ ಮೇಲೆ ವರ್ಷಗಟ್ಟಲೆ ಬಗ್ಗಿ ನಿಂತಿದ್ದಕ್ಕೋ ಏನೋ, ಮೊದಲು ಮಲ್ಲಿಗೆ ಹೋಯಿತು, ಆಮೇಲೆ ಒಗ್ಗರಣೆ, ಕೊನೆಗೆ ಆ ಎಣ್ಣೆಯ ವಾಸನೆಯೇ ಹೋಯಿತು. ಆಗ ಹೆಂಡತಿ ಶಿವನಂಜಮ್ಮ ಇದ್ದಳು. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಬಟ್ಟೆಯನ್ನೂ ಅವಳು ಮೂಸಿ ನೋಡುತ್ತಿದ್ದಳು. ಕುತ್ತಿಗೆ, ಕಂಕುಳು, ಒಳಗಿನ ಅಸ್ತರು. "ಇದು ಹೋಗ್ಲಿ" ಅಂದರೆ ಮೇಲಿನ ಗುಂಡಿಗೆ ಒಂದು ಎಳೆ ಬಿಳಿ ದಾರ ಕಟ್ಟುತ್ತಿದ್ದಳು. "ಇದು ಇನ್ನೊಂದಿನ ಇರ್ಲಿ" ಅಂದರೆ ಅದು ಮತ್ತೆ ಮಾಳಿಗೆಯ ಗಾಳಿಗೆ ಹೋಗುತ್ತಿತ್ತು. ಊರಿಗೆ ಆ ಬಿಳಿ ದಾರ ಗೊತ್ತಿತ್ತು. ಚನ್ನವೀರಪ್ಪನ ಅಂಗಡಿಯ ದಾರ ಇದ್ದರೆ ಬಟ್ಟೆ ಬಿಚ್ಚಿ ನೋಡಬೇಕಾಗಿಲ್ಲ ಅನ್ನುತ್ತಿದ್ದರು.

ಶಿವನಂಜಮ್ಮ ತೀರಿಕೊಂಡು ಎರಡು ವರ್ಷ. ದಾರದ ಉಂಡೆ ಉಳಿದಿತ್ತು. ಚನ್ನವೀರಪ್ಪ ಕಟ್ಟುತ್ತಾ ಬಂದ. ಮೂಸದೆ ಕಟ್ಟಿದ. ಅನುಮಾನ ಬಂದ ಕಡೆ ಗುಲಾಬಿ ಸೆಂಟು ಹೊಡೆದ. ಎಷ್ಟು ಹೊಡೆದೆ ಅಂತ ಅವನಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಇನ್ನಷ್ಟು ಹೊಡೆದ. ಮಾಳಿಗೆ ಹತ್ತಲು ಮಂಡಿ ಬಿಡದೆ, ಬಟ್ಟೆಗಳನ್ನು ಅಂಗಡಿಯೊಳಗೇ ನೇತುಹಾಕಿದ.

ಒಳಗೆ ಗಾಳಿ ಇರಲಿಲ್ಲ. ಬೀದಿ ಕಡೆಗೆ ಒಂದು ದೊಡ್ಡ ಕಿಟಕಿ ಇತ್ತು, ಆರು ವರ್ಷದಿಂದ ಮುಚ್ಚಿತ್ತು. ಯಾಕೆಂದರೆ ಎದುರಿಗೆ ಶ್ರೀಕಂಠ ಶೆಟ್ಟರ ಕಾಫಿಪುಡಿ ಅಂಗಡಿ. ಆರು ವರ್ಷದ ಹಿಂದೆ ಶೆಟ್ಟರು ಬೀಜ ಹುರಿದ ಹೊಗೆ ಈ ಕಿಟಕಿಯಿಂದ ನುಗ್ಗಿ ಮೂರು ಧಾರೆ ಸೀರೆಗಳಿಗೆ ಹಿಡಿದಿತ್ತು. ಚನ್ನವೀರಪ್ಪ ಬೀದಿಯಲ್ಲಿ ನಿಂತು ಕೂಗಾಡಿದ. "ನಿಮ್ಮ ಎಣ್ಣೆ ವಾಸನೆ ನನ್ನ ಪುಡಿಗೆ ಹಿಡೀತಿದೆ, ನಾನು ಯಾರ ಹತ್ರ ಕೂಗ್ಲಿ?" ಅಂತ ಶೆಟ್ಟರೂ ಕೂಗಿದರು. ಅವತ್ತು ಕಿಟಕಿ ಮುಚ್ಚಿತು. ಮಾತೂ ಮುಚ್ಚಿತು. ಇಬ್ಬರ ನಡುವೆ ಹನ್ನೆರಡು ಅಡಿ ಬೀದಿ. ಶಿವನಂಜಮ್ಮ ಹೋದ ದಿನ ಶೆಟ್ಟರು ಅಂಗಡಿಯ ಬಾಗಿಲು ಅರ್ಧ ಎಳೆದು ನಿಂತಿದ್ದರು, ದಾಟಿ ಬರಲಿಲ್ಲ. ಚನ್ನವೀರಪ್ಪ ಅದನ್ನು ನೋಡಿದ್ದ, ಕರೆದಿರಲಿಲ್ಲ.

ಹೀಗೆ ಅವನು ಒಬ್ಬನಾದ. ಒಬ್ಬನೇ ಅನ್ನ ಮಾಡಿಕೊಳ್ಳುತ್ತಿದ್ದ. ಸಾರು ಹಳಸಿದ್ದು ಗೊತ್ತಾಗದೆ ಎರಡು ಸಲ ಹೊಟ್ಟೆ ಕೆಡಿಸಿಕೊಂಡ. ಸಾಯಂಕಾಲ ಅಂಗಡಿಯೊಳಗೆ ನೇತಾಡುವ ಕೋಟು, ಶೇರ್ವಾನಿಗಳ ನಡುವೆ ಕೂತಿರುತ್ತಿದ್ದ. ದೂರದಿಂದ ನೋಡಿದವರಿಗೆ ಅಂಗಡಿ ತುಂಬ ಜನ ಇದ್ದ ಹಾಗೆ ಕಾಣುತ್ತಿತ್ತು.

ಬ್ಯಾಂಡಿನ ಕೋಟುಗಳ ಕೆಲಸವನ್ನು ಮಾತ್ರ ಅವನು ಸರಿಯಾಗಿಯೇ ಮಾಡಿದ. ಕಸುಬು ಗೊತ್ತಿದ್ದವನು. ಎಣ್ಣೆಯಲ್ಲಿ ತೊಳೆದರೆ ಜಿಡ್ಡು, ಕೊಳೆ ಹೋಗುತ್ತದೆ. ಬೆವರಿನ ನಾತ ಪೂರಾ ಹೋಗುವುದಿಲ್ಲ. ಅದಕ್ಕೆ ಬೇರೆ ಉಪಚಾರ ಬೇಕು. ಕೋಟುಗಳನ್ನು ಒಳಮಗ್ಗುಲು ಹೊರಗೆ ಮಾಡಿದ. ಕಂಕುಳಿನ ಅಸ್ತರಿಗೆ ಸ್ಪಿರಿಟ್ಟಿಗೆ ನೀರು ಬೆರೆಸಿ ತೆಳ್ಳಗೆ ಸಿಂಪಡಿಸಿದ. ಆರಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದ. ದೊಡ್ಡ ಕಬ್ಬಿಣದ ಪೆಟ್ಟಿಗೆಗಳ ತಳಕ್ಕೆ ಇದ್ದಿಲು ಹರಡಿ, ಮೇಲೆ ಹಳೆ ಪಂಚೆ ಹಾಸಿ, ಕೋಟುಗಳನ್ನು ಒಂದು ದಿನ ಒಳಗಿಟ್ಟು ಮುಚ್ಚಿದ. ಇದ್ದಿಲು ನಾತವನ್ನು ಎಳೆದುಕೊಳ್ಳುತ್ತದೆ. ಕೊನೆಗೆ ತೆಗೆದು, ಅಗಲ ಹ್ಯಾಂಗರುಗಳಿಗೆ ಹಾಕಿ ಸಾಲಾಗಿ ನೇತುಹಾಕಿದ.

ಅಷ್ಟು ಹೊತ್ತಿಗೆ ಗುರುವಾರ ಬೆಳಿಗ್ಗೆ ಆಗಿತ್ತು.

ಈ ಕೆಲಸದಲ್ಲಿ ಒಂದು ತೊಡಕಿದೆ. ಎಲ್ಲ ಕೋಟೂ ಒಂದೇ ಹೊತ್ತಿಗೆ ಶುಚಿಯಾಗುವುದಿಲ್ಲ. ಕೊಳಲಿನವನ ಕೋಟು ಒಂದು ದಿನಕ್ಕೆ ಸರಿಹೋದರೆ ಡೋಲಿನವನದಕ್ಕೆ ಮೂರು ದಿನ. ಯಾವುದು ಆಯಿತು, ಯಾವುದು ಆಗಲಿಲ್ಲ ಅಂತ ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ. ಮೂಗೊಂದೇ ಹೇಳಬೇಕು.

ಚನ್ನವೀರಪ್ಪ ಮೊದಲ ಕೋಟಿಗೆ ಮುಖ ಒತ್ತಿ ಉಸಿರೆಳೆದ. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ಹದಿನೆಂಟನ್ನೂ ಮೂಸಿದ. ಹದಿನೆಂಟೂ ಒಂದೇ, ಗೋಡೆ ಮೂಸಿದ ಹಾಗೆ. ಅಭ್ಯಾಸಬಲದಿಂದ ಸೆಂಟಿನ ಬಾಟಲಿ ತೆಗೆದು ತುದಿಯಲ್ಲಿದ್ದ ಕೋಟಿಗೆ ಪುಸ್ ಪುಸ್ ಅಂತ ಹೊಡೆದ. ಆಮೇಲೆ ದಾರದ ಉಂಡೆ ಎತ್ತಿಕೊಂಡ. ಉಂಡೆ ತೆಳ್ಳಗಾಗಿ ಒಳಗಿನ ರಟ್ಟು ಕಾಣುತ್ತಿತ್ತು. ಶಿವನಂಜಮ್ಮ ಬಿಟ್ಟುಹೋದಾಗ ಅದು ಮುಷ್ಟಿ ತುಂಬ ಇತ್ತು. ಕರಗಿದ್ದನ್ನೆಲ್ಲ ಎರಡು ವರ್ಷದಲ್ಲಿ ಅವನು ಸುಳ್ಳಿಗೆ ಕಟ್ಟಿದ್ದ.

ಅಲ್ಲಿ ಅವನ ಕೈ ನಿಂತಿತು. ಪಶ್ಚಾತ್ತಾಪ ಅಂತ ದೊಡ್ಡ ಮಾತು ಬೇಡ. ಅವನು ಲೆಕ್ಕ ಹಾಕಿದ. ನಾಳೆ ಒಂದು ಕೋಟು ನಾರಿದರೂ ಅಂಗಡಿ ಮುಚ್ಚಿದ ಹಾಗೇ. ಈ ಬೀದಿಯಲ್ಲಿ ಒಳ್ಳೆಯ ಮೂಗು ಯಾರದು? ಹುರಿಯುವ ಬೀಜ ಹದವಾಯಿತೇ ಸೀಯಿತೇ ಅಂತ ವಾಸನೆಯಲ್ಲೇ ಹೇಳುವವರು ಒಬ್ಬರೇ. ಅವರನ್ನು ಕೇಳಿದರೆ ಆಗುವ ನಷ್ಟ ಏನು? ಆರು ವರ್ಷ ಕಾಪಾಡಿದ ಬಿಗುಮಾನ. ಅದನ್ನು ಯಾವ ಸಂತೆಯಲ್ಲೂ ಯಾರೂ ಕೊಳ್ಳುವುದಿಲ್ಲ.

ತುದಿಯ ಕೋಟನ್ನು ತೋಳಿಗೆ ಹಾಕಿಕೊಂಡು ಚನ್ನವೀರಪ್ಪ ಹನ್ನೆರಡು ಅಡಿ ಬೀದಿ ದಾಟಿದ.

ಶೆಟ್ಟರು ಹುರಿಯುವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಕನ್ನಡಕದ ಮೇಲಿಂದ ನೋಡಿದರು.

"ಏನು ಚನ್ನವೀರಪ್ಪೋರೆ, ದಾರಿ ತಪ್ಪಿತಾ?"

"ಇಲ್ಲ ಶೆಟ್ರೇ. ಇದನ್ನ ಸ್ವಲ್ಪ ಮೂಸಿ ಹೇಳ್ಬೇಕಾಗಿತ್ತು."

"ಓಹೋ, ಇದಕ್ಕೂ ನಮ್ಮ ಹೊಗೆ ಹಿಡೀತಾ? ದೂರು ಕೊಡೋಕೆ ಬಂದ್ರಾ?"

"ದೂರಲ್ಲ. ನಾತ ಹೋಗಿದೆಯಾ ಇಲ್ವಾ, ಅಷ್ಟು ಹೇಳಿ."

"ಯಾಕೆ, ನಿಮಗೆ ಮೂಗಿಲ್ವಾ?"

ಶೆಟ್ಟರು ಚುಚ್ಚಲು ಅಂದದ್ದು. ಚನ್ನವೀರಪ್ಪ ಕೋಟು ಕೆಳಗಿಳಿಸಿದ.

"ಇಲ್ಲ" ಅಂದ. "ನಾಲ್ಕು ವರ್ಷ ಆಯ್ತು."

ಯಂತ್ರದ ಡ್ರಮ್ಮು ಗರಗರ ತಿರುಗುತ್ತಿತ್ತು. ಶೆಟ್ಟರು ಎದ್ದು ಅದನ್ನು ನಿಲ್ಲಿಸಿದರು. ಆಗಷ್ಟೇ ಬೀಸಿದ ಪುಡಿಯನ್ನು ಅಂಗೈಗೆ ಹಾಕಿಕೊಂಡು ಚನ್ನವೀರಪ್ಪನ ಮೂಗಿನ ಹತ್ತಿರ ಹಿಡಿದರು.

"ಇದೇನು?"

"ಬೆಚ್ಚಗಿದೆ."

"ಅಷ್ಟೇನಾ?"

"ಅಷ್ಟೇ."

ಶೆಟ್ಟರು ಅಂಗೈಯನ್ನು ಸ್ವಲ್ಪ ಹೊತ್ತು ನೋಡಿದರು. ಕಾಫಿ ವ್ಯಾಪಾರದವರಿಗೆ ಇದಕ್ಕಿಂತ ಕೆಟ್ಟ ರೋಗ ಇಲ್ಲ. "ಹಾಗಿದ್ರೆ ಊಟ?"

"ಉಪ್ಪು ಗೊತ್ತಾಗುತ್ತೆ, ಖಾರ ಗೊತ್ತಾಗುತ್ತೆ. ಯಾವ ಸಾರು ಅಂತ ಗೊತ್ತಾಗಲ್ಲ. ನಾನೇ ಮಾಡಿರ್ತೀನಲ್ಲ, ನೆನಪಿಟ್ಕೊಂಡು ಉಣ್ತೀನಿ."

ಶೆಟ್ಟರು ಕೋಟು ತೆಗೆದುಕೊಂಡು ಕಂಕುಳಿನ ಅಸ್ತರಿಗೆ ಮೂಗು ತಾಗಿಸಿದರು. ತಕ್ಷಣ ಹಿಂದೆ ಸರಿದರು.

"ಅಯ್ಯೋ! ಏನ್ರೀ ಇದು, ಬೆವರಿಗೆ ಹೂ ಮುಡಿಸಿದ್ದೀರಾ? ಒಳಗೆ ಒಂದು, ಮೇಲೆ ಒಂದು. ಬರೀ ಬೆವರೇ ವಾಸಿ, ಅದಾದ್ರೂ ಒಂದೇ ಇತ್ತು. ನಿಮ್ಮಂಗಡಿ ಗುಲಾಬಿ ಸೆಂಟು ಎರಡು ವರ್ಷದಿಂದ ಬೀದಿಗೆಲ್ಲ ಹೊಡೀತಿದೆ. ನಿಮ್ಮ ಬಾಗಿಲ ಮುಂದೆ ಜನ ಉಸಿರು ಬಿಗಿಹಿಡ್ಕೊಂಡು ದಾಟ್ತಾರೆ, ಗೊತ್ತಾ?"

"ಯಾಕೆ ಯಾರೂ ಹೇಳಲಿಲ್ಲ?"

"ಬೇರೆಯವರ ವಿಷಯ ನಂಗೊತ್ತಿಲ್ಲ. ನಾನು ಹೇಗೆ ಹೇಳ್ಲಿ? ಮಾತು ಬಿಟ್ಟವರ ಹತ್ರ ಮೊದಲ ಮಾತೇ 'ನಿಮ್ಮಂಗಡಿ ನಾರುತ್ತೆ' ಅಂತ ಶುರು ಮಾಡ್ಲಾ?"

ಶೆಟ್ಟರು ಚಪ್ಪಲಿ ಮೆಟ್ಟಿದರು. "ನಡೀರಿ, ಉಳಿದದ್ದನ್ನೂ ನೋಡೋಣ."

ಆರು ವರ್ಷದ ಮೇಲೆ ಶೆಟ್ಟರು ಆ ಹೊಸ್ತಿಲು ದಾಟಿದರು. ಒಂದೊಂದು ಕೋಟನ್ನೂ ಶಿವನಂಜಮ್ಮ ಮೂಸುತ್ತಿದ್ದ ಕಡೆಗಳಲ್ಲೇ ಮೂಸಿದರು, ಚನ್ನವೀರಪ್ಪ ತೋರಿಸಿಕೊಟ್ಟ. ಹತ್ತು ಸರಿಯಾಗಿದ್ದವು. ಎಂಟು ಆಗಿರಲಿಲ್ಲ.

"ಇಲ್ಲಿ ಗಾಳಿ ಎಲ್ರೀ?" ಅಂದರು ಶೆಟ್ಟರು. "ಬಾವಿಯೊಳಗೆ ಬಟ್ಟೆ ಒಣಗಿಸಿದ ಹಾಗಿದೆ. ಕಿಟಕಿ ತೆಗೀರಿ."

"ತೆಗೆದ್ರೆ ನಿಮ್ಮ ಹೊಗೆ ಬರುತ್ತಲ್ಲ."

ಶೆಟ್ಟರು ಕಿಟಕಿ ನೋಡಿದರು, ಬೀದಿಯ ಆಚೆ ತಮ್ಮ ಯಂತ್ರ ನೋಡಿದರು. ಅವರೂ ವ್ಯಾಪಾರಿ, ಧರ್ಮಕ್ಕೆ ಬಂದವರಲ್ಲ. "ನಾಳೆ ಈ ಕೋಟು ಹೋಗೋವರೆಗೆ ನಾನು ಬೀಜ ಹುರಿಯಲ್ಲ. ಹುರಿದಿಟ್ಟಿದ್ದನ್ನೇ ಮಾರ್ತೀನಿ. ಅದಕ್ಕೆ ಬದಲು ನಮ್ಮ ಮನೆಯ ಕಾಶ್ಮೀರಿ ಶಾಲು ಒಂದಿದೆ, ಪೆಟ್ಟಿಗೇಲಿಟ್ಟು ಮುಗ್ಗಲು ಹಿಡಿದಿದೆ. ಅದನ್ನ ಬಿಟ್ಟಿ ಮಾಡಿಕೊಡ್ಬೇಕು."

"ಆಯ್ತು."

"ಸೆಂಟು ಹಾಕಬಾರದು."

"ಹಾಕಲ್ಲ ಶೆಟ್ರೇ."

ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಇಬ್ಬರೂ ಸೇರಿ ಸುತ್ತಿಗೆಯಿಂದ ಬಡಿದು ತೆಗೆದರು. ಗಾಳಿ ಬಂತು. ಕೆಂಪು ಕೋಟುಗಳು ಸಾಲಾಗಿ ಅಲ್ಲಾಡಿದವು.

ಶುಕ್ರವಾರ ಒಂಬತ್ತು ಗಂಟೆಗೆ ಶೆಟ್ಟರು ಮತ್ತೆ ಬಂದು ಮೂಸಿದರು. ಹದಿನೇಳು ಸರಿ. ಒಂದು ಮಾತ್ರ ಇಲ್ಲ. ಅದು ಸೆಂಟು ಹೊಡೆದ ಕೋಟು. ಬೆವರು ಹೋಗಿತ್ತು, ಗುಲಾಬಿ ಕೂತುಬಿಟ್ಟಿತ್ತು. ಮುಚ್ಚಿಡಲು ಹಾಕಿದ್ದೇ ತೆಗೆಯಲು ಕಷ್ಟವಾಗಿತ್ತು.

"ಒಂದು ಮಾತು ಹೇಳ್ಲಾ?" ಅಂದರು ಶೆಟ್ಟರು ಮೆಲ್ಲಗೆ. "ನಡುವೆ ತೂರಿಸಿಬಿಡಿ. ಹದಿನೇಳು ಚೆನ್ನಾಗಿದ್ರೆ ಹದಿನೆಂಟನೇದನ್ನ ಯಾರು ಮೂಸ್ತಾರೆ?"

ಬುದ್ಧಿವಂತರ ಸಲಹೆಯೇ. ಚನ್ನವೀರಪ್ಪ ದಾರದ ಉಂಡೆ ತೋರಿಸಿದ. ರಟ್ಟಿನ ಮೇಲೆ ಒಂದು ಪದರ ಉಳಿದಿತ್ತು. "ಅವಳು ಬಿಟ್ಟುಹೋದದ್ದು ಇಷ್ಟೇ ಇದೆ ಶೆಟ್ರೇ. ಇದನ್ನೂ ಸುಳ್ಳಿಗೆ ಕಟ್ಟಲಾರೆ." ಹದಿನೇಳಕ್ಕೆ ಕಟ್ಟಿದ. ಹದಿನೆಂಟನೆಯದನ್ನು ಬೇರೆ ಮೊಳೆಗೆ ನೇತುಹಾಕಿದ.

ಹತ್ತಕ್ಕೆ ಸಂಪಂಗಿ ಬಂದ. ಬಂದವನು ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡ. "ಏನ್ ಯಜಮಾನ್ರೇ, ಅಂಗಡಿ ಬದಲಾಯಿಸಿದ್ರಾ?"

"ಹದಿನೇಳು ಆಗಿದೆ" ಅಂದ ಚನ್ನವೀರಪ್ಪ. "ಒಂದು ಆಗಿಲ್ಲ. ನಾನೇ ಸೆಂಟು ಹೊಡೆದು ಕೆಡಿಸಿದೆ. ನಾಳೆ ಸಾಯಂಕಾಲಕ್ಕೆ ಸರಿಹೋಗುತ್ತೆ. ಕರಾರಿನ ಪ್ರಕಾರ ನೀವು ಕಾಸು ಕೊಡ್ಬೇಕಾಗಿಲ್ಲ."

ಸಂಪಂಗಿ ಹದಿನೇಳನ್ನೂ ಬಿಡದೆ ಮೂಸಿದ. ನಡುವೆ ತೂರಿಸಿದ್ದರೆ ಹದಿನೆಂಟನೆಯದನ್ನೂ ಮೂಸುತ್ತಿದ್ದ, ಸಲಹೆ ಕೊಟ್ಟಿದ್ದ ಶೆಟ್ಟರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಸಂಪಂಗಿ ಮೊಳೆಯ ಹತ್ತಿರ ಹೋಗಿ ಕಾಲರಿನ ಒಳಗಿನ ನಂಬರು ನೋಡಿದ. ಒಂದನೇ ನಂಬರು.

"ಇದು ನಂದೇ ಕಣ್ರೀ" ಅಂದ.

ಮೊದಲು ನಕ್ಕವನು ಸಂಪಂಗಿ. "ಅವತ್ತಿನ ಮದುವೇಲಿ ಹುಡುಗಿ ಪಕ್ಕ ನಿಂತಿದ್ದೂ ನಾನೇ. ನಮ್ಮ ಡೋಲಿನೋರನ್ನೆಲ್ಲ ಬೈದುಬಿಟ್ಟಿದ್ದೆ." ನಗು ನಿಲ್ಲಿಸಿ, ಕೋಟುಗಳನ್ನು ಮಡಿಸುತ್ತಾ ಹೇಳಿದ: "ನೋಡಿ ಯಜಮಾನ್ರೇ, ಹದಿನೆಂಟೂ ಸರಿ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಒಂದು ಸರಿಯಿಲ್ಲ ಅಂತ ನೀವು ಹೇಳಿದ್ದಕ್ಕೆ ಉಳಿದ ಹದಿನೇಳನ್ನ ನಂಬಬಹುದು. ಹದಿನೇಳರ ಕಾಸು ತಗೊಳ್ಳಿ. ನನ್ನದು ನಾಳೆ ಬಂದು, ಅದರ ಕಾಸು ಕೊಟ್ಟು ಒಯ್ತೀನಿ. ಮುಂದಿನ ಸಲವೂ ಇಲ್ಲಿಗೇ ತರ್ತೀನಿ."

ಅವನು ಹೋದ ಮೇಲೆ ಶೆಟ್ಟರು ಯಂತ್ರ ಶುರು ಮಾಡಲು ಎದ್ದರು. ಚನ್ನವೀರಪ್ಪ "ಒಂದು ನಿಮಿಷ" ಅಂದ. ಒಳಗೆ ಹೋಗಿ, ಕಪಾಟಿನಿಂದ ಒಂದು ಮಡಿಸಿದ ಸೀರೆ ತಂದ. ಊದಾ ಬಣ್ಣದ ರೇಷ್ಮೆ. ಎರಡು ವರ್ಷದಿಂದ ಮಡಿಕೆ ಬಿಚ್ಚಿರಲಿಲ್ಲ.

"ಇದನ್ನೂ ಮೂಸಿ ಹೇಳಿ. ಶುಚಿ ಮಾಡೋಕಲ್ಲ. ಏನಿದೆ ಅಂತ ಹೇಳಿ ಸಾಕು. ನಂಗೆ ಗೊತ್ತಾಗಲ್ಲ."

ಶೆಟ್ಟರು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ನಿಧಾನವಾಗಿ ಮೂಸಿದರು.

"ಸೀಗೆಕಾಯಿ" ಅಂದರು. "ಸ್ವಲ್ಪ ಇಂಗು. ಸೆರಗಿನ ಹತ್ರ ಕರ್ಪೂರ."

"ಇದೆಯಾ ಇನ್ನೂ?"

"ಇದೆ. ಇದನ್ನ ಗಾಳಿಗೆ ಹಾಕ್ಬೇಡಿ. ಮುಚ್ಚಿಡಿ."

ಚನ್ನವೀರಪ್ಪ ಮುಚ್ಚಿಟ್ಟ. ಅದಕ್ಕೆ ದಾರ ಕಟ್ಟಲಿಲ್ಲ. ಅದು ಅಂಗಡಿಯಿಂದ ಹೊರಗೆ ಹೋಗುವ ಬಟ್ಟೆಯಲ್ಲ.

ಅವನ ಮೂಗು ಮತ್ತೆ ಬರಲಿಲ್ಲ. ಕಥೆ ಅಂತ ಅದನ್ನೂ ಬರಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಈಗಲೂ ಒಬ್ಬನೇ, ಸಾರು ಯಾವುದೆಂದು ಈಗಲೂ ನೆನಪಿಟ್ಟುಕೊಂಡೇ ಉಣ್ಣುತ್ತಾನೆ. ಆದರೆ ದಿನವೂ ಹನ್ನೊಂದು ಗಂಟೆಗೆ ಶೆಟ್ಟರು ಹುರಿಯುವುದನ್ನು ನಿಲ್ಲಿಸುತ್ತಾರೆ, ಚನ್ನವೀರಪ್ಪ ಕಿಟಕಿ ತೆಗೆಯುತ್ತಾನೆ. ಶೆಟ್ಟರು ಎರಡು ಲೋಟ ಕಾಫಿ ಹಿಡಿದು ಬೀದಿ ದಾಟುತ್ತಾರೆ. ಹ್ಯಾಂಗರುಗಳ ಸಾಲನ್ನು ಮೂಸಿ "ಇದು ಹೋಗ್ಲಿ", "ಇದು ಇರ್ಲಿ" ಅನ್ನುತ್ತಾರೆ. ಹೊಸ ದಾರದ ಉಂಡೆ ಬಂದಿದೆ. ಚನ್ನವೀರಪ್ಪನಿಗೆ ಆ ಕಾಫಿ ಬರೀ ಬಿಸಿ, ಬರೀ ಕಹಿ. ಆದರೂ "ಹೇಗಿದೆ?" ಅಂತ ಶೆಟ್ಟರು ಕೇಳುತ್ತಾರೆ. "ನೀವೇ ಹೇಳ್ಬೇಕು" ಅನ್ನುತ್ತಾನೆ. ಶೆಟ್ಟರು ಹೇಳುತ್ತಾರೆ.

ನೀತಿ: ತನ್ನ ಮನೆಯ ನಾತ ತನಗೆ ತಿಳಿಯುವುದಿಲ್ಲ, ಅದನ್ನು ಹೇಳಲು ಎದುರಿಗೊಬ್ಬರು ಬೇಕು, ಅವರು ಹೇಳುವಷ್ಟು ಹತ್ತಿರ ಬರಲು ನಾವು ಬಾಗಿಲು ತೆಗೆದಿರಬೇಕು. ತಪ್ಪಿನ ಮೇಲೆ ಸುಗಂಧ ಸುರಿದರೆ ತಪ್ಪು ಎರಡಾಗುತ್ತದೆ. ನಂಬಿಕೆ ಬರದಿದ್ದರೆ ಚನ್ನವೀರಪ್ಪನ ಗಳಿಕೆಯನ್ನು ಕೂಡಿ ನೋಡಿ. ಕೋಟುಗಳಿಂದ ನಾಲ್ಕೂವರೆ ಸಾವಿರ, ಅದರಲ್ಲಿ ಕೊನೆಯ ಇನ್ನೂರೈವತ್ತು ಒಂದು ದಿನ ತಡವಾಗಿ. ವರ್ಷಕ್ಕೆ ನಾಲ್ಕು ಸಲದ ಕೆಲಸ. ತೆರೆದ ಕಿಟಕಿ ಒಂದು. ಖರ್ಚು, ಒಂದು ಶಾಲಿನ ಬಿಟ್ಟಿ ಚಾಕರಿ ಮತ್ತು ಹನ್ನೆರಡು ಅಡಿ ನಡಿಗೆ. ನಿವ್ವಳ ಲಾಭ, ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವ ಒಬ್ಬ ಮನುಷ್ಯ, ದಿನವೂ ಹನ್ನೊಂದು ಗಂಟೆಗೆ.